ಹಳೆಯ ಸೆಸ್ನಾಗೆ ಹೊಸ ಪ್ಯಾನಲ್: ಅಮೆರಿಕದಲ್ಲಿ ಕಾಗದ ಮೊದಲು, ಸ್ಕ್ರೀನ್ ಆಮೇಲೆ

ಅಮೆರಿಕದಲ್ಲಿ 1970ರ ದಶಕದ ಸೆಸ್ನಾ 172 ಅಥವಾ ಪೈಪರ್ ಚೆರೋಕಿಯಂಥ ಸಣ್ಣ ವಿಮಾನ ಕೊಂಡವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಸ್ಕ್ರೀನ್ ಹಾಕಿಸೋಣ?’ ಎಂಬುದು. ವಿಮಾನ ಯಾರ ಹೆಸರಿನಲ್ಲಿದೆ ಎಂಬುದು ಅದಕ್ಕೂ ಮುಂಚಿನ ಪ್ರಶ್ನೆ. ವ್ಯಕ್ತಿಯೊಬ್ಬರು ಇಲ್ಲಿ ತಮ್ಮದೇ ಹೆಸರಿನಲ್ಲಿ ವಿಮಾನ ನೋಂದಾಯಿಸಲು ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಎಚ್-1ಬಿಯಲ್ಲಿರುವವರು ಟ್ರಸ್ಟ್ ಮೂಲಕ ಕೊಳ್ಳುವುದುಂಟು. ಆಗ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ದಾಖಲೆಯಲ್ಲಿ ಮಾಲೀಕರು ಟ್ರಸ್ಟಿ. ಮಾರ್ಪಾಡಿಗೆ ಅವರ ಒಪ್ಪಿಗೆ ಬೇಕೇ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ.

ಕಾರಿಗೆ ಸ್ಟೀರಿಯೋ ಹಾಕಿಸಿದಂತೆ ಇಲ್ಲಿ ನಡೆಯುವುದಿಲ್ಲ. ಹಾಕುವ ಸಾಧನಕ್ಕೆ ಎಸ್‌ಟಿಸಿ (ಮಾರ್ಪಾಡಿಗೆ ಎಫ್‌ಎಎ ಕೊಡುವ ಅನುಮೋದನೆ ಪತ್ರ) ಇರಬೇಕು, ಅದರ ಮಾದರಿ ಪಟ್ಟಿಯಲ್ಲಿ ನಿಮ್ಮ ವಿಮಾನದ ನಿಖರ ಮಾದರಿ ಇರಬೇಕು, ಎಸ್‌ಟಿಸಿ ಹೊಂದಿದವರ ಲಿಖಿತ ಅನುಮತಿಯೂ ಬೇಕು. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಜನ ಎಡವುವುದು ಇಲ್ಲೇ. ಎಕ್ಸ್‌ಪೆರಿಮೆಂಟಲ್ (ಹವ್ಯಾಸಿಗಳು ತಾವೇ ಕಟ್ಟಿದಂಥ) ವಿಮಾನಕ್ಕೆಂದು ಮಾರುವ ಗಾರ್ಮಿನ್ ಜಿ5 ಎಂಬ ಸಣ್ಣ ಸ್ಕ್ರೀನ್ ನೋಡಲು ಅದೇ, ಆದರೆ ಪಾರ್ಟ್ ನಂಬರ್ ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮೆಕ್ಯಾನಿಕ್ ಸಹಿ ಹಾಕುವುದಿಲ್ಲ.

ಸಹಿಯ ಲೆಕ್ಕವೂ ತಿಳಿದಿರಲಿ. ಕೆಲಸ ಮಾಡುವುದು ‘ಎ ಅಂಡ್ ಪಿ’ (ವಿಮಾನದ ಒಡಲು ಮತ್ತು ಎಂಜಿನ್) ಲೈಸೆನ್ಸಿನ ಮೆಕ್ಯಾನಿಕ್. ದೊಡ್ಡ ಮಾರ್ಪಾಡನ್ನು ಒಪ್ಪಿ, ಅದನ್ನು ದಾಖಲಿಸುವ ಫಾರ್ಮ್ 337ಕ್ಕೆ ಸಹಿ ಹಾಕುವುದು ‘ಐಎ’ (ತಪಾಸಣೆಯ) ಅಧಿಕಾರ ಉಳ್ಳವರು ಅಥವಾ ಅನುಮೋದಿತ ರಿಪೇರಿ ಸ್ಟೇಷನ್. ಆದ್ದರಿಂದ ದುಡ್ಡು ಕೊಡುವ ಮೊದಲೇ ಐಎ ಜೊತೆ ಕೂತು ಮಾತಾಡಿ. ಹಾಗೆಯೇ ಎಫ್‌ಎಎಯಿಂದ ನಿಮ್ಮ ವಿಮಾನದ ಪೂರ್ತಿ ದಾಖಲೆ ತರಿಸಿಕೊಳ್ಳಿ. ಹಿಂದಿನ ಮಾಲೀಕರು ಹಾಕಿಸಿದ, ಲಾಗ್‌ಬುಕ್ಕಿನಲ್ಲಿ ಕಾಣದ ಮಾರ್ಪಾಡುಗಳು ಅಲ್ಲಿ ಸಿಗುತ್ತವೆ.

ಇನ್ನು ಪ್ಯಾನಲ್. ಗಡಿಯಾರದಂಥ ಹಳೆಯ ಆರು ಉಪಕರಣಗಳಲ್ಲಿ ಆಟಿಟ್ಯೂಡ್ (ವಾಲಿಕೆ ತೋರುವ) ಮತ್ತು ಹೆಡಿಂಗ್ (ದಿಕ್ಕು ತೋರುವ) ಇಂಡಿಕೇಟರ್‌ಗಳು ಸಾಮಾನ್ಯವಾಗಿ ಎಂಜಿನ್ನಿನ ವ್ಯಾಕ್ಯೂಮ್ ಪಂಪ್ ನಂಬಿ ತಿರುಗುವ ಗೈರೊಗಳು. ಡ್ರೈ ಪಂಪಿನ ಕಾರ್ಬನ್ ರೆಕ್ಕೆಗಳು ಸೂಚನೆಯಿಲ್ಲದೆ ಮುರಿಯುತ್ತವೆ. ಗೈರೊ ತಟ್ಟನೆ ನಿಲ್ಲುವುದಿಲ್ಲ, ನಿಧಾನವಾಗಿ ವಾಲುತ್ತದೆ. ಮೋಡದೊಳಗೆ ಪೈಲಟ್ ಅದನ್ನೇ ನಂಬಿ ವಿಮಾನವನ್ನೂ ವಾಲಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಬಜೆಟ್ಟಿನ ಮೊದಲ ಡಾಲರ್ ಈ ಗೈರೊಗಳ ಬದಲು ಎಲೆಕ್ಟ್ರಾನಿಕ್ ಉಪಕರಣ ಹಾಕಿಸುವುದಕ್ಕೇ ಹೋಗಬೇಕು, ದೊಡ್ಡ ಮ್ಯಾಪ್ ಸ್ಕ್ರೀನಿಗಲ್ಲ. ಗಾರ್ಮಿನ್‌ನ ಜಿ5, ಜಿಐ 275 ಎರಡೂ 3⅛ ಇಂಚಿನ ಹಳೆಯ ತೂತಿಗೇ ಕೂರುತ್ತವೆ. ಎರಡು ಜಿ5 ಹಾಕಿಸಿ, ಬೇರೆ ಯಾವ ಉಪಕರಣವೂ ವ್ಯಾಕ್ಯೂಮ್ ಬಳಸುತ್ತಿಲ್ಲವೆಂದು ಖಚಿತವಾದರೆ ಪಂಪ್, ಹೋಸು, ಫಿಲ್ಟರ್, ಗೇಜ್ ಎಲ್ಲವನ್ನೂ ತೆಗೆಸಬಹುದು. ಏರ್‌ಸ್ಪೀಡ್ (ವೇಗ), ಆಲ್ಟಿಮೀಟರ್ (ಎತ್ತರ) ತೋರುವ ಮುಳ್ಳಿನ ಉಪಕರಣಗಳು ಮಾತ್ರ ಹಾಗೇ ಉಳಿಯಬೇಕು.

ಆ ‘ಖಚಿತ’ದಲ್ಲಿ ಆಟೋಪೈಲಟ್ ಅಡಗಿ ಕೂತಿರುತ್ತದೆ. ಸೆಂಚುರಿ ಕಂಪನಿಯ ಹಲವು ಹಳೆಯ ಆಟೋಪೈಲಟ್‌ಗಳು ವ್ಯಾಕ್ಯೂಮ್ ಗೈರೊದಿಂದಲೇ ಸಂಕೇತ ಪಡೆಯುತ್ತವೆ. ಗೈರೊ ತೆಗೆದರೆ ಆಟೋಪೈಲಟ್ ಸತ್ತಂತೆ. ಎಸ್-ಟೆಕ್ ಕಂಪನಿಯ ಕೆಲವು ತಿರುವು ತೋರುವ ಟರ್ನ್ ಕೋಆರ್ಡಿನೇಟರನ್ನು ನಂಬಿವೆ, ಅದನ್ನು ಕೀಳಿಸಬೇಡಿ. ಕೊಟೇಶನ್ ಕೇಳುವಾಗ ಆಟೋಪೈಲಟ್ಟಿನ ಮಾಡೆಲ್ ನಂಬರನ್ನು ಬರೆದೇ ಕೊಡಿ.

ಎರಡನೆಯ ಕಾಟ ಮ್ಯಾಗ್ನೆಟೋಮೀಟರ್, ಅಂದರೆ ಭೂಮಿಯ ಕಾಂತಕ್ಷೇತ್ರದಿಂದ ದಿಕ್ಕು ಅಳೆಯುವ ಸಾಧನ. ಹೆಡಿಂಗ್ ತೋರಿಸುವ ಜಿ5ಗೆ ಜಿಎಂಯು 11 ಎಂಬ ಮ್ಯಾಗ್ನೆಟೋಮೀಟರ್ ಬೇಕು, ಅದು ಸಾಮಾನ್ಯವಾಗಿ ರೆಕ್ಕೆಯೊಳಗೆ ಕೂರುತ್ತದೆ. ಹತ್ತಿರದಲ್ಲಿ ಉಕ್ಕಿನ ಸ್ಕ್ರೂ, ಏಲರಾನ್ (ರೆಕ್ಕೆಯಂಚಿನ ಅಲುಗುವ ಹಲಗೆ) ಜೋಡಣೆ, ನ್ಯಾವಿಗೇಶನ್ ಲೈಟಿನ ತಂತಿ ಇದ್ದರೆ ಹೆಡಿಂಗ್ ಓಡಾಡುತ್ತದೆ. ಲೈಟು, ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್), ಫ್ಲ್ಯಾಪ್ ಒಂದೊಂದಾಗಿ ಹಾಕಿ ತೆಗೆದು ಅಡಚಣೆ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ.

ಹೊರಗಿನ ಗಾಳಿಯ ಒತ್ತಡವನ್ನು ಉಪಕರಣಗಳಿಗೆ ತರುವ ಸ್ಟ್ಯಾಟಿಕ್ ಪೈಪನ್ನು ಬಿಚ್ಚಿದ ಮೇಲೆ ಸೋರಿಕೆ ಪರೀಕ್ಷೆಯಿಲ್ಲದೆ ಐಎಫ್‌ಆರ್ (ಉಪಕರಣಗಳನ್ನೇ ನೋಡಿ ಹಾರುವ ನಿಯಮದಡಿ) ಹಾರುವಂತಿಲ್ಲ: ಆಲ್ಟಿಮೀಟರ್ 1000 ಅಡಿ ಮೇಲೆ ತೋರುವಷ್ಟು ಗಾಳಿ ಎಳೆದು ಬಿಟ್ಟರೆ, ಒಂದು ನಿಮಿಷದಲ್ಲಿ 100 ಅಡಿಗಿಂತ ಹೆಚ್ಚು ಇಳಿಯಕೂಡದು. ಹಳೆಯ ಪ್ಲಾಸ್ಟಿಕ್ ಟ್ಯೂಬು ಅಲುಗಿಸಿದೊಡನೆ ಬಿರುಕು ಬಿಡುವುದರಿಂದ, ಪ್ಯಾನಲ್ ತೆರೆದಿರುವಾಗಲೇ ಹೊಸದು ಹಾಕಿಸುವುದು ಅಗ್ಗ. ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ಉತ್ತರಿಸುವ ಸಾಧನ) ಪರೀಕ್ಷೆಯ 24 ತಿಂಗಳ ಗಡುವು ಹತ್ತಿರವಿದ್ದರೆ ಅದನ್ನೂ ಅಂದೇ ಮುಗಿಸಿ. ಎಡಿಎಸ್-ಬಿ ಔಟ್ (ತನ್ನ ಸ್ಥಾನವನ್ನು ತಾನೇ ಪ್ರಸಾರ ಮಾಡುವ ಸಾಧನ) ಇಲ್ಲದ ವಿಮಾನವಾದರೆ ತಂತಿ ಎಳೆಯುವ ಕೆಲಸಕ್ಕೆ ಅದನ್ನೂ ಸೇರಿಸಿ. ದೊಡ್ಡ ನಿಲ್ದಾಣಗಳ ಸುತ್ತಲಿನ ವಾಯುಪ್ರದೇಶಕ್ಕೆ 2020ರ ಜನವರಿಯಿಂದ ಅದು ಕಡ್ಡಾಯ.

ಇನ್ನೊಂದು ಸಣ್ಣ ವಿಷಯ, ಆದರೆ ಅಪಾಯದ್ದು. 1970ರ ದಶಕದ ಮಧ್ಯದವರೆಗಿನ ಎಷ್ಟೋ ಸೆಸ್ನಾಗಳ ಕೈಪಿಡಿಯಲ್ಲಿ ವೇಗ ಗಂಟೆಗೆ ಮೈಲಿಯಲ್ಲಿದೆ. ಸ್ಕ್ರೀನಿನಲ್ಲಿ ನಾಟ್ಸ್ (ಗಂಟೆಗೆ ನಾಟಿಕಲ್ ಮೈಲಿ) ಇಟ್ಟು ಮೈಲಿಯ ಅಂಕಿ ತುಂಬಿದರೆ ವೇಗದ ಮಿತಿ ತೋರುವ ಬಣ್ಣದ ಪಟ್ಟಿಗಳೆಲ್ಲ ಸುಳ್ಳು. ಕೈಪಿಡಿ ಎದುರಿಗಿಟ್ಟುಕೊಂಡು ನೀವೇ ತಾಳೆ ನೋಡಿ.

ವಿಮಾನ ಬಿಡಿಸಿಕೊಳ್ಳುವಾಗ ಲಾಗ್‌ಬುಕ್ ನಮೂದು, ಫಾರ್ಮ್ 337ರ ನಿಮ್ಮ ಪ್ರತಿ, ಹೊಸ ತೂಕ-ಸಮತೋಲನ ಹಾಳೆ, ಸಾಧನಗಳ ಪಟ್ಟಿ, ಫ್ಲೈಟ್ ಮ್ಯಾನ್ಯುಯಲ್ ಪೂರಕ ಇಷ್ಟೂ ಕೈಗೆ ಬರಬೇಕು; ಪೂರಕ ವಿಮಾನದೊಳಗೇ ಇರಬೇಕು. ಫಾರ್ಮಿನ ಇನ್ನೊಂದು ಪ್ರತಿ 48 ಗಂಟೆಯೊಳಗೆ ಎಫ್‌ಎಎಗೆ ಹೋಗುತ್ತದೆ. ಮುಂದೆ, ಟ್ರೇಯಲ್ಲಿ ಕೂರುವ ರೇಡಿಯೋವನ್ನು ಮುಂದಿನಿಂದ ಎಳೆದು ಮತ್ತೆ ಕೂರಿಸುವ ಕೆಲಸವನ್ನು ಪೈಲಟ್ ಲೈಸೆನ್ಸ್ ಉಳ್ಳ ಮಾಲೀಕರೇ ಮಾಡಿ, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬಹುದು. ಟ್ರಾನ್ಸ್‌ಪಾಂಡರ್ ಮತ್ತು ಆಟೋಪೈಲಟ್‌ಗೆ ಆ ರಿಯಾಯಿತಿ ಇಲ್ಲ.