ಜೋಡೆತ್ತಿನಿಂದ ದಿಮ್ಮಿ ಎಳೆಸುವುದು ಹೇಗೆ?

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ, ಬರಗೂರು ಬೆಟ್ಟದ ಕಡೆ ಇಳಿಜಾರು ಹೊಲದ ಬದುವಿನಲ್ಲಿ ನೀಲಗಿರಿ ಕಡಿಸಿದರೆ, ಟ್ರ್ಯಾಕ್ಟರ್ ಇಳಿಯದ ಜಾಗದಿಂದ ದಿಮ್ಮಿಗಳನ್ನು ದಾರಿಗೆ ತರಲು ಜೋಡೆತ್ತೇ ಗತಿ.

ಮೊದಲು ತೂಕದ ಲೆಕ್ಕ. ಹಸಿ ನೀಲಗಿರಿ ಘನ ಮೀಟರಿಗೆ ಸುಮಾರು 1,000 ಕೆಜಿ ತೂಗುತ್ತದೆ. 10 ಅಡಿ ಉದ್ದ, 10 ಅಂಗುಲ ದಪ್ಪದ ದಿಮ್ಮಿ ಎಂದರೆ 150 ಕೆಜಿ. ದಪ್ಪ 12 ಅಂಗುಲವಾದರೆ 220 ಕೆಜಿ. ಒಣ ನೆಲದಲ್ಲಿ ಎಳೆಯಲು ತೂಕದ ಅರ್ಧದಷ್ಟು ಬಲ ಬೇಕು. ಎತ್ತು ದಣಿಯದೆ ಹಾಕಬಲ್ಲ ಬಲ ತನ್ನ ತೂಕದ ಹತ್ತರಲ್ಲಿ ಒಂದು ಪಾಲು. ತಲಾ 350 ಕೆಜಿಯ ಎರಡೆತ್ತಿಗೆ 70 ಕೆಜಿ. 150 ಕೆಜಿಯ ದಿಮ್ಮಿಗೆ ಬೇಕಾದ್ದು 75 ಕೆಜಿ, ಹಾಗಾಗಿ 10 ಅಂಗುಲದ ದಿಮ್ಮಿಯೇ ಹೆಚ್ಚುಕಡಿಮೆ ಮಿತಿ. ದಪ್ಪದ್ದನ್ನು ಗಿಡ್ಡ ಮಾಡಿ ಕೊಯ್ಯಿಸಿ.

ರೆಂಬೆಯ ಗಂಟುಗಳನ್ನು ನುಣ್ಣಗೆ ಸವರಿ. ಬುಡದ ಕಡೆ ಮುಂದಿರಲಿ. ಅದರ ಅಂಚನ್ನು ಕೊಡಲಿಯಿಂದ ದುಂಡಗೆ ಕೆತ್ತಿ. ಚೂಪಂಚು ಉಳಿದರೆ ನೇಗಿಲಿನಂತೆ ಮಣ್ಣಿಗಿಳಿಯುತ್ತದೆ. ದಿಮ್ಮಿಯ ಮೂತಿಯಿಂದ ಒಂದಡಿ ಹಿಂದೆ ಸರಪಳಿಯ ಕುಣಿಕೆ ಬಿಗಿದು, ಕೊಕ್ಕೆ ಮೇಲ್ಮುಖವಾಗಿರುವಂತೆ ನೋಡಿ.

ಕೆಲಸ ಕೆಡುವುದು ಸರಪಳಿಯ ಉದ್ದದಲ್ಲಿ. ಗಿಡ್ಡವಾದಷ್ಟೂ ಮೂತಿ ಮೇಲೇಳುತ್ತದೆ, ನೆಲದ ಉಜ್ಜು ತಗ್ಗುತ್ತದೆ. ಆದರೆ ತೀರ ಗಿಡ್ಡವಾದರೆ ದಿಮ್ಮಿ ಹಿಂಗಾಲಿಗೆ ಬಡಿಯುತ್ತದೆ. ಗೊರಸಿಗೂ ಮೂತಿಗೂ ನಡುವೆ 4–5 ಅಡಿ ಬಿಡಿ. ಬರಗೂರು ಎತ್ತು ಸಿಡುಕಿನದು, ಹಿಂದೆ ಸರಪಳಿ ಝಣಗುಟ್ಟಿದರೆ ಬೆದರುತ್ತದೆ. ಎರಡು ದಿನ ಬರೀ ಸರಪಳಿ ಎಳೆಸಿ ರೂಢಿ ಮಾಡಿಸಿ.

ಎತ್ತಿನ ಹೆಗಲ ಪಕ್ಕದಲ್ಲೇ ನಡೆಯಿರಿ. ದಿಮ್ಮಿಗೂ ಎತ್ತಿಗೂ ನಡುವೆ ನುಸುಳಬೇಡಿ, ತಿರುವಿನಲ್ಲಿ ಒಳಮಗ್ಗುಲಿಗೆ ನಿಲ್ಲಬೇಡಿ. ನೇರ ಇಳುಕಲಿನಲ್ಲಿ ಎಳೆಸಲೇಬಾರದು: ದಿಮ್ಮಿ ತಾನಾಗಿ ಜಾರಿ ಎತ್ತಿನ ಮೇಲೇ ಬರುತ್ತದೆ, ನೊಗಕ್ಕೆ ಅದನ್ನು ತಡೆಯುವ ಶಕ್ತಿಯಿಲ್ಲ. ಅಡ್ಡಡ್ಡ ದಾರಿ ಹಿಡಿದು, ಎತ್ತರದ ಮಗ್ಗುಲಲ್ಲೇ ಇರಿ. ಮೋಟಿಗೆ ಸಿಕ್ಕಿಕೊಂಡರೆ ಚಾಟಿ ಎತ್ತಬೇಡಿ, ಹಿಂದಕ್ಕೆ ಸರಿಸಿ ಕೊಕ್ಕೆ ಬಿಡಿಸಿ.

ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ಕೇಂದ್ರ ನಿಯಮದಂತೆ ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ದಿಮ್ಮಿ ಕೆಲಸಕ್ಕೆ ಇಷ್ಟೂ ಹೆಚ್ಚೇ. ಪ್ರತಿ ಎಳೆತಕ್ಕೂ ಐದು ನಿಮಿಷ ನಿಲ್ಲಿಸಿ, ನೊಗ ಎತ್ತಿ ಹೆಗಲ ಮೇಲೆ ಅಂಗೈ ಇಡಿ. ಬೆವರಿನ ತೇವವಿದ್ದರೆ ಸರಿ. ಒಂದೇ ಕಡೆ ಬಿಸಿಯಾಗಿ, ಒತ್ತಿದಾಗ ಚರ್ಮ ನಡುಗಿದರೆ ಹುಣ್ಣಾಗುವ ಮುನ್ಸೂಚನೆ. ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ.