ಕೆನಡಾದ ಮಕ್ಕಳ ಭತ್ಯೆ: ನಿಮ್ಮ ಮನೆಗೆ ಎಷ್ಟು ಬರುತ್ತೆ ಅಂತ ನೀವೇ ಲೆಕ್ಕ ಹಾಕಿ

ತುಮಕೂರು, ಚಿಂತಾಮಣಿ, ಮಾಲೂರು ಕಡೆಯಿಂದ ಕೆನಡಾಕ್ಕೆ ಹೊರಟ ಮನೆಗಳಲ್ಲಿ ವೀಸಾ ಕೈಗೆ ಬರುವ ಮೊದಲೇ ಒಂದು ಮಾತು ಓಡಾಡುತ್ತಿರುತ್ತದೆ: "ಅಲ್ಲಿ ಮಕ್ಕಳಿಗೆ ಸರ್ಕಾರಾನೇ ತಿಂಗಳು ತಿಂಗಳು ದುಡ್ಡು ಕೊಡುತ್ತಂತೆ." ಎಷ್ಟು ಅಂತ ಕೇಳಿದರೆ ಒಬ್ಬರು ಆರುನೂರು ಡಾಲರ್ ಎನ್ನುತ್ತಾರೆ, ಇನ್ನೊಬ್ಬರು ಇನ್ನೂರು ಎನ್ನುತ್ತಾರೆ, ಮತ್ತೊಬ್ಬರು ನಮಗೇನೂ ಬರಲ್ಲಪ್ಪ ಎನ್ನುತ್ತಾರೆ. ಮೂವರೂ ನಿಜವನ್ನೇ ಹೇಳುತ್ತಿರಬಹುದು. ಗೃಹಲಕ್ಷ್ಮಿಯ ಎರಡು ಸಾವಿರದಂತೆ ಎಲ್ಲರಿಗೂ ಒಂದೇ ಮೊತ್ತ ಇಲ್ಲಿಲ್ಲ. ಬಿಪಿಎಲ್ ಕಾರ್ಡಿನಂತೆ ಗೆರೆ ದಾಟಿದ ಕೂಡಲೇ ಪೂರ್ತಿ ನಿಂತುಹೋಗುವುದೂ ಇಲ್ಲ. ಆದಾಯ ಏರಿದಂತೆ ಭತ್ಯೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಅದೂ ಈ ವರ್ಷದ ಆದಾಯ ನೋಡಿ ಅಲ್ಲ, ಹಿಂದಿನ ವರ್ಷದ್ದನ್ನು ನೋಡಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇದರ ಹೆಸರು ಕೆನಡಾ ಚೈಲ್ಡ್ ಬೆನಿಫಿಟ್, ಬಳಕೆಯಲ್ಲಿ ಸಿಸಿಬಿ. ಕೊಡುವುದು ಸಿಆರ್‌ಎ, ಅಂದರೆ ಅಲ್ಲಿನ ತೆರಿಗೆ ಇಲಾಖೆ. ಸಾಮಾನ್ಯವಾಗಿ ಪ್ರತಿ ತಿಂಗಳ 20ರ ಸುಮಾರಿಗೆ ಖಾತೆಗೆ ಬೀಳುತ್ತದೆ. ಈ ಹಣಕ್ಕೆ ತೆರಿಗೆ ಇಲ್ಲ. ಮಗುವಿಗೆ 18 ತುಂಬುವವರೆಗೆ ಬರುತ್ತದೆ.

ಯಾರಿಗೆ ಸಿಗುತ್ತದೆ? ಮಗು ನಿಮ್ಮ ಜೊತೆ ವಾಸವಿರಬೇಕು, ಅದರ ಲಾಲನೆ ಪಾಲನೆ ಮುಖ್ಯವಾಗಿ ನಿಮ್ಮದಾಗಿರಬೇಕು, ತೆರಿಗೆ ಲೆಕ್ಕದಲ್ಲಿ ನೀವು ಕೆನಡಾ ನಿವಾಸಿಯಾಗಿರಬೇಕು. ಜೊತೆಗೆ ಗಂಡ ಹೆಂಡತಿಯಲ್ಲಿ ಒಬ್ಬರಿಗಾದರೂ ಪೌರತ್ವ, ಪಿಆರ್ (ಕಾಯಂ ನಿವಾಸದ ಹಕ್ಕು) ಅಥವಾ ಸಂರಕ್ಷಿತ ವ್ಯಕ್ತಿಯ (ಅಂದರೆ ಆಶ್ರಯ ಪಡೆದವರ) ಸ್ಥಾನ ಇರಬೇಕು. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್‌ನಲ್ಲಿ ಇರುವವರಿಗೂ ದಾರಿ ಇದೆ, ಆದರೆ 18 ತಿಂಗಳು ಕೆನಡಾದಲ್ಲೇ ವಾಸವಿದ್ದು 19ನೇ ತಿಂಗಳಲ್ಲಿ ಚಾಲ್ತಿಯಲ್ಲಿರುವ ಪರ್ಮಿಟ್ ಕೈಯಲ್ಲಿರಬೇಕು. ಪಿಆರ್ ಪಡೆದು ಬಂದಿಳಿದವರು 18 ತಿಂಗಳು ಕಾಯಬೇಕಿಲ್ಲ. ಈ ಎರಡನ್ನು ಕಲಸಿಕೊಂಡು ಒಂದೂವರೆ ವರ್ಷ ಸುಮ್ಮನೆ ಕೂತ ಪಿಆರ್ ಮನೆಗಳೂ ಉಂಟು.

ಲೆಕ್ಕ ಶುರುವಾಗುವುದು ಎರಡು ಗರಿಷ್ಠ ಮೊತ್ತಗಳಿಂದ. 2025ರ ಜುಲೈನಿಂದ 2026ರ ಜೂನ್‌ವರೆಗಿನ ಭತ್ಯೆ ವರ್ಷದಲ್ಲಿ 6 ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 7,997 ಡಾಲರ್, 6ರಿಂದ 17 ವರ್ಷದ ಮಗುವಿಗೆ 6,748 ಡಾಲರ್. ಪ್ರತಿ ಜುಲೈನಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಇವು ಬದಲಾಗುತ್ತವೆ.

ಇದರಿಂದ ಕಳೆಯಬೇಕಾದದ್ದು ಕುಟುಂಬದ ನಿವ್ವಳ ಆದಾಯದ ಮೇಲೆ ನಿಂತಿದೆ, ಅಂದರೆ ಒಟ್ಟು ಆದಾಯದಿಂದ ನಿವೃತ್ತಿ ಉಳಿತಾಯ, ಡೇಕೇರ್ ಖರ್ಚಿನಂಥವನ್ನು ಕಳೆದ, ಆದರೆ ತೆರಿಗೆ ಕಳೆಯುವ ಮೊದಲಿನ ಮೊತ್ತ. ಇಬ್ಬರ ತೆರಿಗೆ ರಿಟರ್ನ್‌ನ 23600ನೇ ಸಾಲನ್ನೂ ಕೂಡಿಸಿದರೆ ಬಹುತೇಕರಿಗೆ ಅದೇ ಅಂಕಿ. ಕೈಗೆ ಬರುವ ಸಂಬಳವನ್ನಾಗಲಿ, ಆಫರ್ ಲೆಟರ್‌ನಲ್ಲಿರುವ ಒಟ್ಟು ಸಂಬಳವನ್ನಾಗಲಿ ಇಲ್ಲಿ ಹಾಕಬೇಡಿ. ಕೈಗೆ ಬರುವುದನ್ನು ಹಾಕಿದರೆ ಭತ್ಯೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಒಟ್ಟು ಸಂಬಳ ಹಾಕಿದರೆ ಕಡಿಮೆ ಕಾಣುತ್ತದೆ.

ಅದೇ ಭತ್ಯೆ ವರ್ಷದಲ್ಲಿ ಈ ಆದಾಯ 37,487 ಡಾಲರ್ ಒಳಗಿದ್ದರೆ ಏನೂ ಕಡಿತವಿಲ್ಲ. ಅಲ್ಲಿಂದ 81,222ರವರೆಗೆ ಹೆಚ್ಚಿದ ಪ್ರತಿ ಡಾಲರಿಗೆ ಒಂದು ಮಗುವಿದ್ದರೆ ಶೇ. 7, ಇಬ್ಬರಿದ್ದರೆ ಶೇ. 13.5, ಮೂವರಿದ್ದರೆ ಶೇ. 19, ನಾಲ್ಕು ಅಥವಾ ಹೆಚ್ಚಿದ್ದರೆ ಶೇ. 23 ಕಡಿತ. 81,222 ದಾಟಿದ ಭಾಗಕ್ಕೆ ಕಡಿತದ ದರ ಇಳಿಯುತ್ತದೆ: ಅದೇ ಕ್ರಮದಲ್ಲಿ ಶೇ. 3.2, 5.7, 8 ಮತ್ತು 9.5.

ಒಂದು ಮನೆಯನ್ನು ಹತ್ತಿರದಿಂದ ನೋಡೋಣ. 4 ಮತ್ತು 8 ವರ್ಷದ ಇಬ್ಬರು ಮಕ್ಕಳು, ಕುಟುಂಬದ ನಿವ್ವಳ ಆದಾಯ 95,000 ಡಾಲರ್. ಗರಿಷ್ಠ 7,997ಕ್ಕೆ 6,748 ಸೇರಿದರೆ 14,745. ಮೊದಲ ಹಂತದ ಅಗಲ 43,735 ಡಾಲರ್, ಅದರ ಶೇ. 13.5 ಅಂದರೆ 5,904. ಎರಡನೇ ಹಂತದಲ್ಲಿ 95,000ದಿಂದ 81,222 ಕಳೆದರೆ 13,778, ಅದರ ಶೇ. 5.7 ಅಂದರೆ 785. ಒಟ್ಟು ಕಡಿತ 6,689. ಉಳಿದದ್ದು ವರ್ಷಕ್ಕೆ 8,056, ತಿಂಗಳಿಗೆ ಸುಮಾರು 671 ಡಾಲರ್. ಇದೇ ಮನೆಗೆ ಭತ್ಯೆ ಸೊನ್ನೆಯಾಗಬೇಕಾದರೆ ಆದಾಯ 2,36,000 ಡಾಲರ್ ಮುಟ್ಟಬೇಕು. ಹಾಗಾಗಿ "ನಮ್ಮ ಸಂಬಳಕ್ಕೆ ಬರಲ್ಲ" ಅಂದುಕೊಂಡು ಅರ್ಜಿಯನ್ನೇ ಹಾಕದೆ ಇರುವುದು ದಡ್ಡತನ.

ಸಿಆರ್‌ಎ ಜಾಲತಾಣದಲ್ಲಿ ಇದೇ ಲೆಕ್ಕ ಮಾಡಿಕೊಡುವ ಕ್ಯಾಲ್ಕುಲೇಟರ್ ಇದೆ. ಪ್ರಾಂತ್ಯ, ವೈವಾಹಿಕ ಸ್ಥಿತಿ, ಮಕ್ಕಳ ಹುಟ್ಟಿದ ದಿನಾಂಕ, ಇಬ್ಬರ ನಿವ್ವಳ ಆದಾಯ ಕೊಟ್ಟರೆ ಪ್ರಾಂತ್ಯದ ಪಾಲನ್ನೂ ಸೇರಿಸಿ ತೋರಿಸುತ್ತದೆ. ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾಗಳ ಪಾಲು ಸಿಸಿಬಿ ಜೊತೆಗೇ ಬರುತ್ತದೆ, ಆಲ್ಬರ್ಟಾದ್ದು ಮೂರು ತಿಂಗಳಿಗೊಮ್ಮೆ. ಕ್ವಿಬೆಕ್‌ನದು ಬೇರೆಯೇ ಕಚೇರಿ, ಬೇರೆಯೇ ಲೆಕ್ಕ.

ಮೊದಲ ವರ್ಷದ ಮಾಯೆ

ಈಗ ಅದೇ ಕುಟುಂಬ ಪಿಆರ್ ಮೇಲೆ 2025ರ ಅಕ್ಟೋಬರ್‌ನಲ್ಲಿ ಬಂದಿಳಿದಿದೆ ಅಂದುಕೊಳ್ಳಿ. ಭತ್ಯೆ ನವೆಂಬರ್‌ನಿಂದ ಲೆಕ್ಕಕ್ಕೆ ಬರುತ್ತದೆ. 2026ರ ಜೂನ್‌ವರೆಗೆ ಇಲಾಖೆ ನೋಡುವುದು ಭತ್ಯೆ ವರ್ಷ ಶುರುವಾದ ಜುಲೈಗೆ ಹಿಂದಿನ ವರ್ಷವಾದ 2024ರ ಆದಾಯ, ಅಂದರೆ ಪೂರ್ತಿ ಭಾರತದ ಸಂಬಳ. ವರ್ಷಕ್ಕೆ ₹18 ಲಕ್ಷ ಇತ್ತು, ಡಾಲರಿಗೆ ₹61 ಅಂತ ಹಿಡಿದರೆ ಸುಮಾರು 29,500 ಡಾಲರ್. ಅದು 37,487ರ ಒಳಗೇ ಇರುವುದರಿಂದ ಕಡಿತವಿಲ್ಲ, ತಿಂಗಳಿಗೆ ಪೂರ್ತಿ 1,228 ಡಾಲರ್.

2026ರ ಜುಲೈನಿಂದ 2025ರ ಆದಾಯ ಹಿಡಿಯುತ್ತಾರೆ. ಒಂಬತ್ತು ತಿಂಗಳು ಭಾರತದ್ದು ₹14 ಲಕ್ಷ, ಮೂರು ತಿಂಗಳು ಕೆನಡಾದ್ದು 18,000 ಡಾಲರ್, ಎರಡೂ ಸೇರಿ ಸುಮಾರು 41,000. ಹೋಲಿಕೆಗೆ ಮೇಲಿನ ದರಗಳನ್ನೇ ಇಟ್ಟುಕೊಂಡರೆ ತಿಂಗಳಿಗೆ ಇನ್ನೂ 1,190ರ ಹತ್ತಿರ. ಮನೆಯವರೆಲ್ಲ ನಿರಾಳ. ಪೂರ್ತಿ ಕೆನಡಾ ಸಂಬಳದ ಮೊದಲ ವರ್ಷವಾದ 2026 ಲೆಕ್ಕಕ್ಕೆ ಬರುವುದು 2027ರ ಜುಲೈನಲ್ಲಿ. ಆಗ 671. ಅಷ್ಟರಲ್ಲಿ ಚಿಕ್ಕದಕ್ಕೂ 6 ತುಂಬಿದ್ದರೆ ಇನ್ನೊಂದು 104 ಹೋಗಿ 567. ಅರ್ಧಕ್ಕಿಂತ ಕಡಿಮೆ! ಮೊದಲ ಎರಡು ವರ್ಷದ ಮೊತ್ತ ನಂಬಿಕೊಂಡು ತುಮಕೂರಿನ ಶಿರಾ ಗೇಟ್ ಕಡೆ ಸೈಟ್ ಕೊಂಡು ಇಎಂಐ ಹಾಕಿಸಿಕೊಂಡವರಿಗೆ ಉಸಿರು ಸಿಕ್ಕಿಹಾಕಿಕೊಳ್ಳುವುದು ಆ ಜುಲೈನಲ್ಲಿ. ಮನೆ ಬಜೆಟ್ ಹಾಕುವಾಗ ಬಂದ ಮೇಲಿನ ಈ ಎರಡನೇ ಜುಲೈನ ಅಂಕಿಯನ್ನೇ ಮೊದಲ ದಿನದಿಂದ ಬರೆದುಕೊಳ್ಳಿ. ಹೆಚ್ಚಿಗೆ ಬಂದದ್ದು ಪ್ರತ್ಯೇಕ ಖಾತೆಯಲ್ಲಿರಲಿ.

ಅರ್ಜಿ ಮತ್ತು ಊರಿನ ಆದಾಯ

ಅರ್ಜಿಯ ನಮೂನೆ ಆರ್‌ಸಿ66. ಹೊಸಬರು ಇದರ ಜೊತೆ ಆರ್‌ಸಿ66ಎಸ್‌ಸಿಎಚ್ ಎಂಬ ಪುರವಣಿಯನ್ನೂ ತುಂಬಬೇಕು. ಮಗು ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದರೆ ಮುಖ್ಯ ಪಾಲಕಿ ಅಮ್ಮನೇ ಎಂದು ಇಲಾಖೆ ಹಿಡಿಯುತ್ತದೆ, ಆದ್ದರಿಂದ ಅರ್ಜಿ ಹೆಂಡತಿಯ ಹೆಸರಿನಲ್ಲೇ ಹೋಗಲಿ. ಗಂಡ ಹಾಕಬೇಕಾದರೆ, ಪಾಲನೆ ಮುಖ್ಯವಾಗಿ ಇವರದು ಎಂದು ಹೆಂಡತಿ ಸಹಿ ಮಾಡಿದ ಪತ್ರ ಬೇಕು.

ಪುರವಣಿಯಲ್ಲಿ ಕೆನಡಾಕ್ಕೆ ಬರುವ ಮೊದಲಿನ ಜಾಗತಿಕ ಆದಾಯ ಕೇಳುತ್ತಾರೆ: ಬಂದ ವರ್ಷದ್ದು ಬರುವ ದಿನದವರೆಗೆ, ಅದರ ಹಿಂದಿನ ಎರಡು ವರ್ಷಗಳದ್ದು ಪೂರ್ತಿ. ಇಬ್ಬರದೂ, ಕೆನಡಾ ಡಾಲರಿನಲ್ಲಿ. ಇಲ್ಲೊಂದು ತೊಡಕಿದೆ. ನಮ್ಮ ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಅವರಿಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನದು. ಹಾಗಾಗಿ 2024ಕ್ಕೆ ಎರಡು ಫಾರ್ಮ್ 16ಗಳ ತಿಂಗಳ ಸಂಬಳ ಚೀಟಿ ಮುಂದಿಟ್ಟುಕೊಂಡು ಜನವರಿಯಿಂದ ಮಾರ್ಚ್ ಒಂದರಿಂದ, ಏಪ್ರಿಲ್‌ನಿಂದ ಡಿಸೆಂಬರ್ ಇನ್ನೊಂದರಿಂದ ಕೂಡಿಸಬೇಕು. ಆದಾಯವೇ ಇಲ್ಲದವರ ಕಾಲಂನಲ್ಲಿ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ವಿವರ ಕೇಳಿ ಪತ್ರ ಬರುತ್ತದೆ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಜಾಗತಿಕ ಆದಾಯ ಅಂದರೆ ಸಂಬಳ ಮಾತ್ರ ಅಲ್ಲ. ಗುಬ್ಬಿಯ ಅಡಿಕೆ ತೋಟ, ತಿಪಟೂರಿನ ತೆಂಗು, ಶ್ರೀನಿವಾಸಪುರದ ಮಾವು, ಶಿಡ್ಲಘಟ್ಟದ ರೇಷ್ಮೆ, ಯಾವುದೇ ಇರಲಿ, ಪಹಣಿ ನಿಮ್ಮ ಹೆಸರಲ್ಲಿದ್ದು ಆದಾಯ ನಿಮ್ಮದಾಗಿದ್ದರೆ ತೋರಿಸಬೇಕು. ಕೃಷಿ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲದಿರಬಹುದು, ಕೆನಡಾಕ್ಕೆ ಅದು ಆದಾಯವೇ. ಪಿಪಿಎಫ್ ಬಡ್ಡಿಯೂ ಹಾಗೆಯೇ, ತುಮಕೂರಿನ ಬಾಡಿಗೆ ಮನೆಯೂ ಹಾಗೆಯೇ. ತೋಟ ಅಪ್ಪನ ಹೆಸರಲ್ಲಿದ್ದು ಅವರೇ ನೋಡಿಕೊಳ್ಳುತ್ತಿದ್ದರೆ ಅದು ನಿಮ್ಮ ಆದಾಯವಲ್ಲ. ಅಣ್ಣತಮ್ಮಂದಿರ ನಡುವೆ ಇನ್ನೂ ಭಾಗವಾಗದ ಆಸ್ತಿಯಾದರೆ ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಿಗರನ್ನು ಕೇಳುವುದೇ ಸರಿ.

ತೋರಿಸಿದರೆ ಎಷ್ಟು ಹೋಗುತ್ತದೆ? ಖರ್ಚು ಕಳೆದು ₹4 ಲಕ್ಷ ಉಳಿಯುವ ತೋಟ ಅಂದರೆ ಸುಮಾರು 6,560 ಡಾಲರ್. 95,000ದ ನಮ್ಮ ಮನೆಯಲ್ಲಿ ಇದರಿಂದ ಭತ್ಯೆ ವರ್ಷಕ್ಕೆ 374 ಡಾಲರ್ ಇಳಿಯುತ್ತದೆ. ಆದಾಯ ತೆರಿಗೆ ಬೇರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹಳೆಯ ವರ್ಷಗಳ ಭತ್ಯೆಯನ್ನು ಮತ್ತೆ ಲೆಕ್ಕ ಹಾಕಿ, ಹೆಚ್ಚಿಗೆ ಕೊಟ್ಟದ್ದನ್ನು ಮುಂದಿನ ಕಂತುಗಳಿಂದ ಹಿಡಿದುಕೊಳ್ಳುತ್ತಾರೆ.

ಕೆನಡಾದ ಹೊರಗೆ ಹುಟ್ಟಿದ ಮಗುವಿಗೆ ಜನನ ದಾಖಲೆಯ ಪ್ರತಿ ಲಗತ್ತಿಸಬೇಕು. ಆಸ್ಪತ್ರೆಯಿಂದ ನಾಮಕರಣಕ್ಕೆ ಮೊದಲೇ ನೋಂದಣಿಯಾಗಿ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುವುದು ನಮ್ಮಲ್ಲಿ ಮಾಮೂಲು. ಟಿಕೆಟ್ ಮಾಡಿಸುವ ಮುಂಚೆ ಆ ಕಾಗದ ತೆಗೆದು ನೋಡಿ. ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಸಿ ಹೊಸ ಪ್ರತಿ ತೆಗೆಸಿಕೊಳ್ಳಿ. ಟೊರೊಂಟೊದಲ್ಲಿ ಕೂತು ಇದನ್ನು ಮಾಡಿಸುವುದು ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಪ್ರಮಾಣಪತ್ರದಲ್ಲಿ ಬರೀ ಅಕ್ಷರವಿದ್ದರೆ ಅದನ್ನೂ ಆಗಲೇ ಸರಿಮಾಡಿಸಿ. ಕೆನಡಾದಲ್ಲೇ ಹುಟ್ಟಿದ ಮಗುವಿಗೆ ಇದ್ಯಾವುದೂ ಬೇಡ, ಜನನ ನೋಂದಣಿ ಮಾಡಿಸುವಾಗ ಭತ್ಯೆಗೆ ಒಪ್ಪಿಗೆ ಕೊಟ್ಟರೆ ಸಾಕು.

ಅರ್ಜಿ ತಡವಾದರೂ ಹಿಂದಿನ ತಿಂಗಳುಗಳ ಹಣ ಕೇಳಬಹುದು. ಆದರೆ 11 ತಿಂಗಳಿಗಿಂತ ಹಿಂದಿನದಕ್ಕೆ ಬಾಡಿಗೆ ಕರಾರು, ಶಾಲೆಯ ಪತ್ರದಂಥ ಪುರಾವೆ ಬೇಕು.

ಗಂಡ ಇನ್ನೂ ತುಮಕೂರಿನಲ್ಲೇ ಕೆಲಸದಲ್ಲಿದ್ದು ಹೆಂಡತಿ ಮಕ್ಕಳು ಮೊದಲು ಬಂದಿದ್ದರೆ ಅವನ ಭಾರತದ ಆದಾಯವೂ ಸೇರುತ್ತದೆ. ಪ್ರತಿ ವರ್ಷ ಸಿಟಿಬಿ9 ನಮೂನೆಯಲ್ಲಿ ತಿಳಿಸಬೇಕು. ಬೇರೆ ಬೇರೆ ದೇಶದಲ್ಲಿದ್ದೇವೆ ಅಂತ "ಬೇರ್ಪಟ್ಟವರು" ಎಂಬ ಪೆಟ್ಟಿಗೆಗೆ ಗುರುತು ಹಾಕಬೇಡಿ. ಸಂಬಂಧ ಮುರಿದು 90 ದಿನ ಬೇರೆ ಇದ್ದರೆ ಮಾತ್ರ ಆ ಪದ ಅನ್ವಯ.

ಭತ್ಯೆ ಹೆಚ್ಚಿಸುವ ನ್ಯಾಯವಾದ ದಾರಿಗಳೂ ಇವೆ, ಏಕೆಂದರೆ ನಿವ್ವಳ ಆದಾಯ ಇಳಿಸುವ ಎಲ್ಲವೂ ಭತ್ಯೆ ಏರಿಸುತ್ತವೆ. ಆರ್‌ಆರ್‌ಎಸ್‌ಪಿ ನಿವೃತ್ತಿ ಖಾತೆಗೆ 6,000 ಡಾಲರ್ ಹಾಕಿದರೆ ನಮ್ಮ ಮನೆಗೆ ತೆರಿಗೆ ಉಳಿತಾಯದ ಮೇಲೆ 342 ಡಾಲರ್ ಹೆಚ್ಚು ಭತ್ಯೆ. ಆದರೆ ಅದರಲ್ಲಿ ಹಾಕಬಹುದಾದ ಮಿತಿ ಹಿಂದಿನ ವರ್ಷದ ಕೆನಡಾ ಗಳಿಕೆಯ ಶೇ. 18, ಹಾಗಾಗಿ ಬಂದ ವರ್ಷ ಅದು ಸಾಮಾನ್ಯವಾಗಿ ಸೊನ್ನೆ. ಡೇಕೇರ್ ಖರ್ಚನ್ನು 7 ವರ್ಷದೊಳಗಿನ ಮಗುವಿಗೆ 8,000 ಡಾಲರ್‌ವರೆಗೆ, ದೊಡ್ಡ ಮಕ್ಕಳಿಗೆ 5,000ದವರೆಗೆ ಕಳೆಯಬಹುದು. ಸಾಮಾನ್ಯವಾಗಿ ಕಡಿಮೆ ಆದಾಯದವರೇ ಕಳೆಯಬೇಕು, ಅದೂ ಅವರ ಗಳಿಕೆಯ ಮೂರನೇ ಎರಡರಷ್ಟರೊಳಗೆ. ರಸೀದಿ ಇಟ್ಟುಕೊಳ್ಳಿ.

ಬರುತ್ತಿದ್ದ ಹಣ ಜುಲೈನಲ್ಲಿ ದಿಢೀರನೆ ನಿಂತರೆ ಮೊದಲು ನೋಡಬೇಕಾದದ್ದು ಏಪ್ರಿಲ್ 30ರೊಳಗೆ ಇಬ್ಬರೂ ರಿಟರ್ನ್ ಹಾಕಿದ್ದಾರಾ ಎಂದು. ಮನೆಯಲ್ಲಿರುವ ಹೆಂಡತಿಗೆ ಆದಾಯವಿಲ್ಲ, ಅವಳದು ಯಾಕೆ ಅಂತ ಬಿಟ್ಟಿರುತ್ತಾರೆ. ಸೊನ್ನೆ ಆದಾಯದ ರಿಟರ್ನ್ ಕೂಡ ಹೋಗಲೇಬೇಕು. ಬೇರೆ ತಿಂಗಳಲ್ಲಿ ನಿಂತರೆ ಪರ್ಮಿಟ್ ಅವಧಿ ನೋಡಿ. ನವೀಕರಣವಾದರೂ ಅದರ ಪ್ರತಿಯನ್ನು ಸಿಆರ್‌ಎಗೆ ನೀವೇ ಕಳಿಸಬೇಕು, ವಲಸೆ ಇಲಾಖೆಯಿಂದ ತಾನಾಗಿ ಹೋಗುತ್ತದೆ ಅಂತ ಕಾಯಬೇಡಿ.

ಮಗುವನ್ನು ಅಜ್ಜಿ ಮನೆಗೆ ಕಳಿಸುವ ಮಾತು. ಬೇಸಿಗೆ ರಜೆಗೆ ಎರಡು ತಿಂಗಳು ಊರಿಗೆ ಹೋಗಿ ಬಂದರೆ ತೊಂದರೆ ಇಲ್ಲ. ಇಬ್ಬರಿಗೂ ಶಿಫ್ಟ್ ಕೆಲಸ, ಡೇಕೇರ್ ಸಿಗಲಿಲ್ಲ ಅಂತ ಮಗುವನ್ನು ಚಿಕ್ಕಬಳ್ಳಾಪುರದಲ್ಲಿ ಅಜ್ಜಿಯ ಬಳಿ ಬಿಟ್ಟು ಅಲ್ಲೇ ಶಾಲೆಗೆ ಸೇರಿಸಿದರೆ ಮಗು ನಿಮ್ಮ ಜೊತೆ ವಾಸವಿಲ್ಲ, ಖರ್ಚೆಲ್ಲ ನೀವೇ ಕಳಿಸಿದರೂ ಭತ್ಯೆ ಇಲ್ಲ. ಕೂಡಲೇ ತಿಳಿಸಿ. ಮಗು ವಾಪಸ್ ಬಂದ ಮೇಲೆ ಮತ್ತೆ ಕೇಳಬಹುದು. ವಿಚಾರಣೆ ಬಂದಾಗ ಕೇಳುವುದು ಶಾಲೆಯ, ವೈದ್ಯರ ಪತ್ರವನ್ನೇ.

ಜುಲೈನಲ್ಲಿ ಬರುವ ಭತ್ಯೆಯ ನೋಟಿಸಿನಲ್ಲಿ ಇಲಾಖೆ ಹಿಡಿದ ಕುಟುಂಬದ ನಿವ್ವಳ ಆದಾಯ ಮುದ್ರಿತವಾಗಿರುತ್ತದೆ. ನೀವೇ ಲೆಕ್ಕ ಹಾಕಿ ಬರೆದುಕೊಂಡ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ತಪ್ಪಿರುವುದು ಬಂದ ವರ್ಷದ ಭಾರತದ ಆದಾಯದಲ್ಲಿ: ರೂಪಾಯಿಯನ್ನು ಡಾಲರಿಗೆ ಬದಲಿಸದೆ ಹಾಗೇ ಬರೆದಿರುತ್ತಾರೆ. ₹14 ಲಕ್ಷ ಹದಿನಾಲ್ಕು ಲಕ್ಷ ಡಾಲರಾಗಿ ಭತ್ಯೆ ಸೊನ್ನೆಯಾಗಿರುತ್ತದೆ.