ಫಾರ್ಮ್ಯಾಟ್ ಹೊಡೆಯದೆ ವಿಂಡೋಸ್ ಹನ್ನೊಂದಕ್ಕೆ: ಲೆಗಸಿ ಲ್ಯಾಪ್‌ಟಾಪ್ ಸಿದ್ಧ ಮಾಡುವ ನನ್ನ ರೀತಿ

2018–19ರಲ್ಲಿ ಮಾರಾಟವಾದ ಎಂಟನೇ ಜನರೇಶನ್ ಲ್ಯಾಪ್‌ಟಾಪ್‌ಗಳು ಕಲಬುರಗಿ, ಯಾದಗಿರಿ ಕಡೆ ಇನ್ನೂ ಬೇಕಾದಷ್ಟು ಓಡುತ್ತಿವೆ. ದಾಲ್‌ಮಿಲ್ ಆಫೀಸು, ಟ್ಯಾಕ್ಸ್ ಕನ್ಸಲ್ಟಂಟರ ಟೇಬಲ್ಲು, ಹಳ್ಳಿಯ ಸಿಎಸ್‌ಸಿ ಸೆಂಟರು, ಫೋಟೊ ಸ್ಟುಡಿಯೊ, ಎಲ್ಲ ಕಡೆ ಇವೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ವಿಂಡೋಸ್ 11 ಹಿಡಿಸುತ್ತದೆಯೇ ಎಂದು ನೋಡುವ ಹೆಲ್ತ್ ಚೆಕ್ ಓಡಿಸಿದರೆ ಇವುಗಳಲ್ಲಿ ಬಹಳಷ್ಟಕ್ಕೆ ಟಿಪಿಎಂ (ಭದ್ರತಾ ಚಿಪ್) ಇಲ್ಲ, ಸೆಕ್ಯೂರ್ ಬೂಟ್ (ಏಳುವಾಗಿನ ಭದ್ರತಾ ತಪಾಸಣೆ) ಇಲ್ಲ ಎಂದು ಕೆಂಪು ಗುರುತು ಬೀಳುತ್ತದೆ. ಅಲ್ಲಿಗೆ ಹೊಸ ಮಷಿನ್ ಮಾತು ಶುರು, ಕನಿಷ್ಠ ಮೂವತ್ತೈದು–ನಲವತ್ತು ಸಾವಿರ. ಆದರೆ ಐ5-8250ಯು, ಐ3-8130ಯು ಎರಡೂ ಹನ್ನೊಂದಕ್ಕೆ ಒಪ್ಪುವ ಪ್ರೊಸೆಸರ್‌ಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿವೆ, ಚಿಪ್ಪಿನೊಳಗೆ ಪಿಟಿಟಿ (ಇಂಟೆಲ್‌ನದೇ ಟಿಪಿಎಂ) ಇದೆ. ತೊಂದರೆ ಇರುವುದು ಓಎಸ್ ಕೂರಿಸಿದ ರೀತಿಯಲ್ಲಿ. ವಿಂಡೋಸ್ 7ರ ಕಾಲದ ರೂಢಿಯಂತೆ ಬಯಾಸನ್ನು ಲೆಗಸಿಗೆ (ಹಳೆಯ ಬೂಟ್ ರೀತಿಗೆ) ಹಾಕಿ, ಎಂಬಿಆರ್ (ಹಳೆಯ ಪಾರ್ಟಿಶನ್ ರೀತಿಯ) ಡಿಸ್ಕಿನಲ್ಲಿ ಸಿ, ಡಿ, ಇ ಎಂದು ಹೋಳು ಮಾಡಿಬಿಟ್ಟಿದ್ದಾರೆ.

"ಫಾರ್ಮ್ಯಾಟ್ ಇಲ್ದೆ ಆಗಂಗಿಲ್ಲ ಬಿಡ್ರಿ" ಎಂದವರೇ ಹೆಚ್ಚು. ಆಗುತ್ತದೆ. ಈ ರೀತಿಯಲ್ಲಿ ನಾನು ಮಾಡಿದ ಮಷಿನ್‌ಗಳಲ್ಲಿ ಒಂದರ ಡೇಟಾ ಕೂಡ ಹೋಗಿಲ್ಲ. ಫಾರ್ಮ್ಯಾಟ್ ಹೊಡೆಯುವುದು ಒಂದು ತಾಸಿನ ಕೆಲಸ. ಟ್ಯಾಲಿ ಲೈಸೆನ್ಸ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಡ್ರೈವರ್, ಬೆರಳಚ್ಚು ಮಷಿನ್ನಿನ ಆರ್‌ಡಿ ಸರ್ವಿಸ್ ಸಾಫ್ಟ್‌ವೇರ್, ನುಡಿಯ ಹಳೆಯ ಆಸ್ಕಿ ಫಾಂಟ್, ಎಲ್‌ಬಿಪಿ 2900 ಪ್ರಿಂಟರ್, ಇಷ್ಟನ್ನು ಮತ್ತೆ ಮೊದಲಿದ್ದ ಹಾಗೆ ಕೂರಿಸಲು ಎರಡು ದಿನ ಬೇಕು. ಆ ಎರಡು ದಿನದ ಮಜೂರಿಯನ್ನು ಯಾವ ಗಿರಾಕಿಯೂ ಕೊಡುವುದಿಲ್ಲ.

ಪ್ರೊಸೆಸರ್ ಹೆಸರನ್ನು ಪೂರ್ತಿ ಓದಿ, ಖರೀದಿ ವರ್ಷ ನಂಬಬೇಡಿ. ಐ3-7020ಯು 2018ರ ನಂತರವೂ ಮಾರಾಟವಾಗಿದೆ, ಆದರೆ ಅದು ಏಳನೇ ಜನರೇಶನ್. ರೈಜೆನ್ 5 2500ಯು ಹೆಸರಲ್ಲಿ ಎರಡು ಸಾವಿರದ ಸಾಲಿನದು, ಪಟ್ಟಿಯಲ್ಲಿ ಇಲ್ಲ. ಸೆಲೆರಾನ್ ಎನ್4000 ಪಟ್ಟಿಯಲ್ಲಿದೆ, ಆದರೆ 4 ಜಿಬಿ ಬೆಸುಗೆ ಹಾಕಿದ ರ್‍ಯಾಮ್, 64 ಜಿಬಿ ಇಎಂಎಂಸಿ (ನಿಧಾನದ ಸ್ಟೋರೇಜ್) ಇರುವಂಥದ್ದನ್ನು ನಾನು ಮುಟ್ಟುವುದಿಲ್ಲ. ಮಾಡಿಕೊಟ್ಟರೂ ಬೈಗುಳ ತಪ್ಪದು. ಇನ್ನೊಂದು ಸಂಗತಿ, ಹನ್ನೊಂದು 64 ಬಿಟ್‌ನಲ್ಲಿ ಮಾತ್ರ ಇದೆ. ಹಳೆಯ ಪ್ರಿಂಟರ್ ಸಲುವಾಗಿ 32 ಬಿಟ್ ಹತ್ತನ್ನು ಹಾಕಿಟ್ಟಿದ್ದರೆ ಅಲ್ಲಿ ಫಾರ್ಮ್ಯಾಟೇ ಗತಿ.

ಈಗ ಮುಖ್ಯ ವಿಷಯ. ಸೆಕ್ಯೂರ್ ಬೂಟ್‌ಗೆ ಲೆಗಸಿ ಬಿಟ್ಟು ಯುಇಎಫ್‌ಐ (ಹೊಸ ಬೂಟ್ ರೀತಿ) ಬೇಕು, ಅದರಲ್ಲಿ ವಿಂಡೋಸ್ ಏಳಲು ಡಿಸ್ಕ್ ಜಿಪಿಟಿ (ಹೊಸ ಪಾರ್ಟಿಶನ್ ರೀತಿ) ಆಗಿರಬೇಕು. ಡಿಸ್ಕನ್ನು ಜಿಪಿಟಿಗೆ ತಿರುಗಿಸಲು ವಿಂಡೋಸ್ ಒಳಗೇ ಎಂಬಿಆರ್-ಟು-ಜಿಪಿಟಿ ಕಮಾಂಡ್ ಇದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಡಿಸ್ಕುಗಳ ಮೇಲೆ ಅದು ವ್ಯಾಲಿಡೇಟ್ (ಮೊದಲ ತಪಾಸಣೆ) ಹಂತದಲ್ಲೇ ಬೀಳುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು. ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ ಎಂದು ಇರುವಲ್ಲಿ ನಾಲ್ಕು ಆಗಿಯೇ ಹೋಯಿತು. ಹೋಗಲಿ ಎಂದು ಡಿ, ಇ ಅಳಿಸಿ ಜಾಗ ಮಾಡಹೋದರೆ ಆರು ವರ್ಷ ಹಳೆಯ, ಸೆಕ್ಟರ್ ಸಾಯುತ್ತಿರುವ ಹಾರ್ಡ್ ಡಿಸ್ಕಿನ ಮೇಲೆ ಹಿಂದೆ ಬರಲಾಗದ ಕೆಲಸ ಮಾಡಿದಂತಾಗುತ್ತದೆ. ಡೇಟಾ ಉಳಿಸಿಕೊಂಡು ಜಿಪಿಟಿಯಿಂದ ವಾಪಸ್ ಎಂಬಿಆರ್‌ಗೆ ತರುವ ಕಮಾಂಡ್ ವಿಂಡೋಸ್‌ನಲ್ಲಿ ಇಲ್ಲ.

ಹಾಗಾಗಿ ಹಾರ್ಡ್ ಡಿಸ್ಕಿನ ಪಾರ್ಟಿಶನ್‌ಗಳಿಗೆ ನಾನು ಕೈಯನ್ನೇ ಹಚ್ಚುವುದಿಲ್ಲ. ಅದರಿಂದ ಎಸ್‌ಎಸ್‌ಡಿಗೆ ಕೇವಲ ಸಿಸ್ಟಮ್ ರಿಸರ್ವ್ಡ್ ಮತ್ತು ಸಿ, ಈ ಎರಡನ್ನೇ ಕ್ಲೋನ್ (ಇದ್ದ ಹಾಗೇ ನಕಲು) ಮಾಡುತ್ತೇನೆ. ಡಿ, ಇ ಅಲ್ಲೇ ಇರಲಿ. ಪಾರ್ಟಿಶನ್ ಎರಡೇ ಆದ್ದರಿಂದ ವ್ಯಾಲಿಡೇಟ್ ತಕರಾರಿಲ್ಲದೆ ಪಾಸಾಗುತ್ತದೆ, ಪರಿವರ್ತನೆ ಎಸ್‌ಎಸ್‌ಡಿಯ ಮೇಲೆ ಆಗುತ್ತದೆ, ಏನಾದರೂ ಕೆಟ್ಟರೆ ಹಳೆಯ ಡಿಸ್ಕ್ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಗಿರಾಕಿಯ ಮಷಿನ್ ಮೊದಲಿನಂತೆ ಎದ್ದು ನಿಲ್ಲುತ್ತದೆ. ಬ್ಯಾಕಪ್ಪಿಗೆ ಬೇರೆ ಖರ್ಚೇ ಇಲ್ಲ.

ಕ್ಲೋನಿಗೆ ಮುಂಚೆ ಸಿ ಡ್ರೈವ್ ಇಳಿಸಬೇಕು. ಹೈಬರ್ನೇಶನ್ ಆಫ್ ಮಾಡಿದರೆ ಮೂರು ಜಿಬಿ ಚಿಲ್ಲರೆ ಸಿಗುತ್ತದೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹತ್ತು–ಹದಿನೈದು ಜಿಬಿ ಬಿದ್ದಿರುವುದು ಮಾಮೂಲು. 240 ಜಿಬಿ ಎಸ್‌ಎಸ್‌ಡಿಯಲ್ಲಿ ಸಿ ಡ್ರೈವ್ 150ರ ಸುಮಾರಿಗೆ ಕೂರಬೇಕು. ಅದರೊಳಗೆ 40 ಜಿಬಿ ಖಾಲಿ ಇದ್ದರೆ ಸೆಟಪ್ ಆರಾಮಾಗಿ ಓಡುತ್ತದೆ. ಡಿಸ್ಕಿನ ತುದಿಗೆ ಒಂದು ಜಿಬಿಯಷ್ಟು ಖಾಲಿ ಬಿಡಿ. ಜಿಪಿಟಿಯ ಎರಡನೇ ಪ್ರತಿ ಡಿಸ್ಕಿನ ಕೊನೆಯಲ್ಲೇ ಕೂರುತ್ತದೆ, ಮುಂದೆ ರಿಕವರಿ ಪಾರ್ಟಿಶನ್ ಬೆಳೆಯಲೂ ಜಾಗ ಬೇಕು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಸಿ5 (ಓದಲು ತೊಡಕಿರುವ ಸೆಕ್ಟರ್) ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಕ್ಲೋನ್ ನಡುವೆ ನಿಲ್ಲಬಹುದು. ಕ್ಲೋನ್‌ಜಿಲ್ಲಾದಲ್ಲಿ ರೆಸ್ಕ್ಯೂ ಆಯ್ಕೆ ಹಾಕಿ ರಾತ್ರಿ ಬಿಡುವುದು ಉತ್ತಮ. ಇಂಥ ಮಷಿನ್‌ಗೆ ಮಜೂರಿ ಮುನ್ನೂರು ಹೆಚ್ಚು ಎಂದು ಮೊದಲೇ ಹೇಳಿಬಿಡಿ.

ಕ್ಲೋನ್ ಮುಗಿದ ಕೂಡಲೇ ಹಾರ್ಡ್ ಡಿಸ್ಕ್ ಹೊರಗೆ ತೆಗೆಯಿರಿ. ಎರಡರ ಡಿಸ್ಕ್ ಸಿಗ್ನೇಚರ್ (ಗುರುತಿನ ಸಂಖ್ಯೆ) ಒಂದೇ ಆದ್ದರಿಂದ ಒಟ್ಟಿಗೆ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಡ್ರೈವ್ ಅಕ್ಷರಗಳು ಅದಲುಬದಲಾಗುತ್ತವೆ. ಎಂ.2 ಸ್ಲಾಟ್ ಇದ್ದು ಎನ್‌ವಿಎಂಇ (ಹೆಚ್ಚು ವೇಗದ ಎಸ್‌ಎಸ್‌ಡಿ) ಹಾಕುವವರಿಗೆ ಇನ್ನೊಂದು ತೊಡಕು: ಲೆಗಸಿ ಮೋಡ್‌ನಲ್ಲಿ ಬಹುತೇಕ ಲ್ಯಾಪ್‌ಟಾಪ್ ಎನ್‌ವಿಎಂಇಯಿಂದ ಏಳುವುದೇ ಇಲ್ಲ. ಅಲ್ಲಿ ಸೆಟಪ್ ಪೆನ್‌ಡ್ರೈವ್‌ನಿಂದ ಎದ್ದು, ಶಿಫ್ಟ್-ಎಫ್10 ಒತ್ತಿ, ಕಮಾಂಡ್ ಕಿಟಕಿಯಲ್ಲೇ ಪರಿವರ್ತನೆ ಮುಗಿಸಿಕೊಳ್ಳಬೇಕು. ಕ್ಲೋನಿಗೆ ಮುಂಚೆಯೇ ಸೇಫ್ ಮೋಡ್‌ನಲ್ಲಿ ಏಳುವಂತೆ ಗುರುತು ಹಾಕಿಟ್ಟರೆ ಮೊದಲ ಬೂಟಿನಲ್ಲಿ ಎನ್‌ವಿಎಂಇ ಡ್ರೈವರ್ ತಾನಾಗಿ ಕೂರುತ್ತದೆ. ಇಲ್ಲದಿದ್ದರೆ ಬೂಟ್ ಡಿವೈಸ್ ಸಿಗಲಿಲ್ಲ ಎಂಬ ನೀಲಿ ಪರದೆಯೇ ಎದುರಾಗುತ್ತದೆ.

ಸಾಟಾ ಎಸ್‌ಎಸ್‌ಡಿಯಾದರೆ ವಿಂಡೋಸ್ ಒಳಗಿಂದಲೇ, ಅಲೋ-ಫುಲ್-ಓಎಸ್ ಸೇರಿಸಿ, ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್. ಎರಡು ನಿಮಿಷವೂ ಹಿಡಿಯುವುದಿಲ್ಲ. ಕೊನೆಗೆ ರೀಏಜೆಂಟ್ (ರಿಕವರಿ ಸೆಟ್ಟಿಂಗಿನ) ಫೈಲ್ ಅಪ್‌ಡೇಟ್ ಆಗಲಿಲ್ಲ ಎಂದು ಸಾಲು ಬಂದರೆ ಗಾಬರಿ ಬೇಡ. ಬಯಾಸ್ ಬದಲಿಸಿ ಎದ್ದ ಮೇಲೆ ರೀಏಜೆಂಟ್‌ಸಿ ಕಮಾಂಡಿನಿಂದ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸರಿಹೋಗುತ್ತದೆ.

ಬಯಾಸ್‌ನಲ್ಲಿ ಲೆಗಸಿ ಆಫ್, ಯುಇಎಫ್‌ಐ ಆನ್, ಪಿಟಿಟಿ ಆನ್, ಸೆಕ್ಯೂರ್ ಬೂಟ್ ಆನ್. ಎಚ್‌ಪಿಯಲ್ಲಿ ಲೆಗಸಿ ಆಫ್ ಮಾಡಿದ ಮೇಲಿನ ಬೂಟಿಗೆ ನಾಲ್ಕು ಅಂಕಿಯ ಕೋಡ್ ತೋರಿಸುತ್ತದೆ, ಅದನ್ನು ಒತ್ತಿ ಎಂಟರ್ ಮಾಡದಿದ್ದರೆ ಬದಲಾವಣೆ ಉಳಿಯುವುದಿಲ್ಲ. ಏಸರ್‌ನಲ್ಲಿ ಸೆಕ್ಯೂರ್ ಬೂಟ್ ಸಾಲು ಮಸುಕಾಗಿರುತ್ತದೆ. ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದರೆ ಮಾತ್ರ ತೆರೆಯುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಪಾಸ್‌ವರ್ಡ್ ಮರೆತು ಬಯಾಸೇ ಲಾಕ್ ಆದ ಮಷಿನ್‌ಗೆ ನನ್ನ ಹತ್ತಿರ ಒಂದು ದಾರಿ ಇದೆ. ಕದ್ದ ಮಾಲು ಬಿಚ್ಚಲೂ ಅದೇ ದಾರಿ ಆಗುವುದರಿಂದ ಇಲ್ಲಿ ಬರೆಯುವುದಿಲ್ಲ.

ಹತ್ತನೇ, ಹನ್ನೊಂದನೇ ಜನರೇಶನ್‌ನವು ಯುಇಎಫ್‌ಐನಲ್ಲೇ ಬಂದಿರುತ್ತವೆ, ಅವುಗಳ ಕಾಟ ಬೇರೆ. ಮಾಲೀಕರಿಗೇ ತಿಳಿಯದಂತೆ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಹಾಕುವ ಗುಪ್ತ ಬೀಗ) ಆನ್ ಆಗಿರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದ ಕೂಡಲೇ 48 ಅಂಕಿಯ ಕೀ ಕೇಳುತ್ತದೆ, ಕೀ ಇರುವುದು ಖರೀದಿ ದಿನ ಯಾರೋ ತೆರೆದ, ಯಾರಿಗೂ ನೆನಪಿಲ್ಲದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಇದರಲ್ಲಿ ಕಳೆದುಹೋದ ಮದುವೆ ಫೋಟೊಗಳನ್ನು ಯಾರಿಂದಲೂ ತರಲಾಗದು. ಬಯಾಸ್ ಮುಟ್ಟುವ ಮೊದಲು ಮ್ಯಾನೇಜ್-ಬಿಡಿಇ ಕಮಾಂಡಿನಿಂದ ಸ್ಟೇಟಸ್ ನೋಡಿ, ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಪ್ರೊಟೆಕ್ಷನ್ ಸಸ್ಪೆಂಡ್ ಮಾಡಿ. ಈ ವಿಷಯದಲ್ಲಿ ಗಿರಾಕಿಯ ಅವಸರಕ್ಕೆ ಸೊಪ್ಪು ಹಾಕಬೇಡಿ.

ಇನ್ನು ಧೂಳು. ತೊಗರಿ ಮಿಲ್ಲಿನಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೊಟ್ಟಿನ ಧೂಳು ಹೀಟ್‌ಸಿಂಕಿನ ಹಲ್ಲುಗಳ ಮೇಲೆ ಕಂಬಳಿಯಂತೆ ಹೊದ್ದಿರುತ್ತದೆ, ಶಹಾಬಾದ್ ಕಲ್ಲಿನ ಪಾಲಿಶ್ ಘಟಕಗಳಿಂದ ಬಂದವುಗಳಲ್ಲಿ ಫ್ಯಾನ್ ಬೇರಿಂಗೇ ತಿಂದಿರುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ, ಒಂದು ತಾಸಿನ ಸೆಟಪ್ ಮೂರು ತಾಸು ಎಳೆಯುತ್ತದೆ. ಎಸ್‌ಎಸ್‌ಡಿ ಹಾಕಲು ಹೇಗೂ ತಳ ಬಿಚ್ಚಿರುತ್ತೀರಿ, ಬ್ಲೋವರ್ ಹೊಡೆದು ಪೇಸ್ಟ್ ಬದಲಿಸಿ. ಬೇಸಿಗೆಯಲ್ಲಿ ಸೆಟಪ್ ಬೆಳಿಗ್ಗೆಯೇ ಹಚ್ಚಿ. ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಯುಪಿಎಸ್ ಮೇಲೆ ಇಟ್ಟೇ ಕೆಲಸ. ಬ್ಯಾಟರಿ ಉಬ್ಬಿದ್ದರೆ ಬದಲಿಸುವ ತನಕ ಮುಂದಕ್ಕೆ ಹೋಗಬೇಡಿ.

ಐಎಸ್‌ಓ (ಹನ್ನೊಂದರ ಸೆಟಪ್ ಇರುವ ಫೈಲ್) ಒಂದೇ ಸಲ ಇಳಿಸಿಕೊಳ್ಳಿ, ಹಲವು ಜಿಬಿ ಇರುತ್ತದೆ. ಭಾಷೆ ಹೊಂದಬೇಕು. ಮಷಿನ್‌ನಲ್ಲಿ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇದ್ದು ಐಎಸ್‌ಓ ಇಂಗ್ಲಿಷ್ ಇಂಟರ್‌ನ್ಯಾಷನಲ್ ಆಗಿದ್ದರೆ ಫೈಲು, ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಮಸುಕಾಗಿಬಿಡುತ್ತದೆ. 'ಇದಕ್ಕೇ ಹೇಳಿದ್ದು ಫಾರ್ಮ್ಯಾಟ್ ಅಂತ' ಎಂದು ಕೈಬಿಟ್ಟ ಎಷ್ಟೋ ಮಷಿನ್‌ಗಳ ಕಥೆ ಇಷ್ಟೇ. ಎರಡೂ ಐಎಸ್‌ಓ ಇಟ್ಟುಕೊಳ್ಳಿ. ವಿಂಡೋಸ್‌ನ ಡಿಐಎಸ್‌ಎಂ ಕಮಾಂಡಿನಲ್ಲಿ ಗೆಟ್-ಇಂಟ್ಲ್ ಕೇಳಿದರೆ ಯಾವುದು ಬೇಕೆಂದು ತಿಳಿಯುತ್ತದೆ.

ಸೆಟಪ್ ಒತ್ತುವ ಮುಂಚೆ ಆಂಟಿವೈರಸ್ ಪೂರ್ತಿ ತೆಗೆಯಿರಿ, ಅದರದ್ದೇ ರಿಮೂವಲ್ ಟೂಲ್ ಹಾಕಿ. ಡಿಎಸ್‌ಸಿ ಟೋಕನ್, ಬೆರಳಚ್ಚು ಮಷಿನ್, ಎಸ್‌ಡಿ ಕಾರ್ಡ್ ಎಲ್ಲ ಕಿತ್ತಿಡಿ. ಪಿಎನ್‌ಪಿ-ಯುಟಿಲ್ ಕಮಾಂಡಿನಿಂದ ಡ್ರೈವರುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಫಾಂಟ್ ಫೋಲ್ಡರಿನ ಪ್ರತಿಯೂ ಬೇಕು. ನುಡಿ ಆಸ್ಕಿ ಫಾಂಟ್ ಇಲ್ಲದಿದ್ದರೆ ಹಳೆಯ ಪಹಣಿ ಅರ್ಜಿ, ಠರಾವು ಎಲ್ಲ ಇಂಗ್ಲಿಷ್ ಅಕ್ಷರದ ಚಿಂದಿಯಾಗಿ ಕಾಣುತ್ತವೆ. ಸಿಸ್ಟಮ್ ಫೈಲ್ ರಿಪೇರಿ ಓಡಿಸಬೇಕು ಎಂದು ಬೇರೆ ಹೇಳಬೇಕಿಲ್ಲ. ಸೆಟಪ್ಪನ್ನು ಕಂಪ್ಯಾಟ್ ಸ್ಕ್ಯಾನ್-ಓನ್ಲಿ ಜೊತೆ ಒಮ್ಮೆ ಓಡಿಸಿ ನೋಡಿ, ಅಡ್ಡಿಗಳಿದ್ದರೆ ಮೊದಲೇ ಹೇಳುತ್ತದೆ.

ಬಿದ್ದರೆ ಎರಡೇ ಕಡೆ ಬೀಳುತ್ತದೆ. ಸಿ1900101 ಕೋಡ್ ಬಂದರೆ ಡ್ರೈವರ್ ಕೈವಾಡ. ಪ್ಯಾಂಥರ್ ಫೋಲ್ಡರಿನ ಸೆಟಪ್ ಲಾಗ್‌ನ ಕೊನೆಯ ಸಾಲುಗಳಲ್ಲಿ ಓಇಎಂ ನಂಬರ್ ಇರುವ ಐಎನ್‌ಎಫ್ ಹೆಸರು ಹುಡುಕಿ, ಆ ಡ್ರೈವರ್ ಅಳಿಸಿ ಮತ್ತೆ ಹಚ್ಚಿ. ಹಳೆಯ ವಿಪಿಎನ್, ಹಳೆಯ ವೈಫೈ, ಆಡಿಯೊ, ಹೆಚ್ಚಾಗಿ ಈ ಮೂರರಲ್ಲಿ ಒಂದು. ಸಿಸ್ಟಮ್ ರಿಸರ್ವ್ಡ್ ಪಾರ್ಟಿಶನ್ ಅಪ್‌ಡೇಟ್ ಆಗಲಿಲ್ಲ ಎಂದರೆ 100 ಎಂಬಿ ಇಎಫ್‌ಐ (ಬೂಟ್ ಫೈಲುಗಳ ಪಾರ್ಟಿಶನ್) ತುಂಬಿದೆ ಎಂದರ್ಥ. ಅದನ್ನು ಮೌಂಟ್ ಮಾಡಿ ಮೈಕ್ರೋಸಾಫ್ಟ್ ಬೂಟ್ ಒಳಗಿನ ಫಾಂಟ್ಸ್ ಫೋಲ್ಡರ್ ಖಾಲಿ ಮಾಡಿದರೆ ಬೇಕಾದ ಹದಿನೈದು ಎಂಬಿ ಸಿಗುತ್ತದೆ.

ಏಳನೇ ಜನರೇಶನ್ ಮೇಲೂ ಪ್ರಯೋಗ ಮಾಡಿದ್ದೇನೆ. ಸೆಟಪ್ ಪೆನ್‌ಡ್ರೈವ್ ಮಾಡುವ ರೂಫಸ್ ಟೂಲ್‌ನಿಂದ ತಪಾಸಣೆ ದಾಟಿಸಿದರೆ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಐಎಸ್‌ಓ ಹಿಡಿದು ಕೂರಬೇಕು. ಲೆಕ್ಕಪತ್ರದ ಮಷಿನ್‌ಗೆ ಇದು ಬೇಡ. ಅಂಥವರಿಗೆ 2026ರ ಅಕ್ಟೋಬರ್ 13ರ ವರೆಗಿನ ಇಎಸ್‌ಯು (ಹತ್ತಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್) ಹಚ್ಚಿಕೊಟ್ಟೆ. ಕೋರ್ 2 ಡ್ಯುಯೊಗಳ ಮೇಲೆ 24ಎಚ್2 (ಹನ್ನೊಂದರ 2024ರ ಆವೃತ್ತಿ) ಏಳುವುದೇ ಇಲ್ಲ, ಬೇಕಾದ ಪಾಪ್‌ಕೌಂಟ್ ಇನ್‌ಸ್ಟ್ರಕ್ಷನ್ ಆ ಚಿಪ್‌ನಲ್ಲಿಲ್ಲ. ಅವುಗಳಿಗೆ ಲಿನಕ್ಸ್ ಮಿಂಟ್ ಹಾಕಿದೆ, ಮಕ್ಕಳ ಓದಿಗೆ ಸಾಕು.

ಖರ್ಚು ನೆನಪಿನಿಂದ ಹೇಳುತ್ತೇನೆ. 2025ರ ನಡುವೆ 240 ಜಿಬಿ ಎಸ್‌ಎಸ್‌ಡಿ ಸುಮಾರು ಸಾವಿರದ ಆರುನೂರು, 8 ಜಿಬಿ ಡಿಡಿಆರ್4 ಹೆಚ್ಚುಕಡಿಮೆ ಅಷ್ಟೇ, ಪೇಸ್ಟ್ ಐವತ್ತು, ಮಜೂರಿ ಸಾವಿರದಿಂದ ಸಾವಿರದ ಇನ್ನೂರು. ಒಟ್ಟು ನಾಲ್ಕೂವರೆ ಸಾವಿರದೊಳಗೆ ಮುಗಿಯುತ್ತಿತ್ತು. ವರ್ಷದ ಕೊನೆಗೆ ರ್‍ಯಾಮ್ ಬೆಲೆ ವಿಪರೀತ ಏರಿತು. ಈಗ ಸೆಕೆಂಡ್ ಹ್ಯಾಂಡ್ 4 ಜಿಬಿ ಸ್ಟಿಕ್ ಹುಡುಕಿ ಇದ್ದ 4ಕ್ಕೆ ಜೋಡಿಸುತ್ತೇನೆ. ಯಾವ ಕಂಪನಿಯ ಸ್ಟಿಕ್ ಯಾವುದಕ್ಕೆ ಕೂಡಿ ಬಾಳುತ್ತದೆ ಎಂಬ ಪಟ್ಟಿ ನನ್ನದೇ ಗಳಿಕೆ, ಅದು ನನ್ನ ಹತ್ತಿರವೇ ಇರಲಿ.

ಹನ್ನೊಂದು ಎದ್ದ ಮೇಲೆ ಎಸ್‌ಎಸ್‌ಡಿಯಲ್ಲಿ ಉಳಿದ ಜಾಗದಲ್ಲಿ ಡಿ ಮಾಡಿ, ಹಳೆಯ ಡಿಸ್ಕಿನಿಂದ ಬೇಕಾದ ಫೈಲು ತಂದು ಹಾಕಿ, ಅಕ್ಷರ ಅದೇ ಇರಲಿ. ಟ್ಯಾಲಿ ಡೇಟಾ, ಔಟ್‌ಲುಕ್ ಫೈಲ್ ಹಳೆಯ ದಾರಿಯಲ್ಲೇ ಸಿಗಬೇಕು. ಹನ್ನೊಂದರಿಂದ ಹತ್ತಕ್ಕೆ ಹಿಂದಕ್ಕೆ ಹೋಗುವ ಅವಧಿ ಹತ್ತೇ ದಿನ ಇರುತ್ತದೆ, ಡಿಐಎಸ್‌ಎಂನಿಂದ ಅದನ್ನು 60ಕ್ಕೆ ಏರಿಸಿ. ಹತ್ತು ದಿನ ದಾಟಿದ ಮೇಲೆ ಏರಿಸಿ ಪ್ರಯೋಜನವಿಲ್ಲ. ಹಳೆಯ ಡಿಸ್ಕ್ ಒಂದು ತಿಂಗಳು ನನ್ನ ಕಪಾಟಿನಲ್ಲಿ ಮಾಲೀಕರ ಹೆಸರು ಹೊತ್ತು ಇರುತ್ತದೆ, ಆಮೇಲೆ ಮುನ್ನೂರು ರೂಪಾಯಿಯ ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ವಾಪಸ್. ಟ್ಯಾಲಿ ಇಟ್ಟವರಾದರೆ ಒಂದು ಜಿಎಸ್‌ಟಿ ರಿಟರ್ನ್ ಡಿಎಸ್‌ಸಿ ಸಹಿಯೊಂದಿಗೆ ಹೋಗುವ ತನಕ ಆ ಡಿಸ್ಕನ್ನೂ ಕೊಡುವುದಿಲ್ಲ, ವಿಂಡೋಸ್ ಓಲ್ಡ್ ಫೋಲ್ಡರನ್ನೂ ಅಳಿಸುವುದಿಲ್ಲ.